ಮೂರನೇ ಕರೆಗೆ ಓ ಅನ್ನುವಾಕೆ

ನಮ್ಮ ಅತ್ತಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಬಾಯಿಬಿಟ್ಟು ಓದುತ್ತೀರಿ, ಓದಿದರೆ ಅದು ಒಂದು ಕರೆಯಾಗುತ್ತದೆ. ಒಂದೇ ಸಲ ಕರೆದು ಸುಮ್ಮನಾಗುವವರು ಯಾರು? ದೆವ್ವಗಳು! ಪಾಪ, ನಿಮ್ಮನ್ನೇಕೆ ಆ ಪಟ್ಟಿಗೆ ಸೇರಿಸಲಿ?

ದೆವ್ವ ಎರಡು ಸಲಕ್ಕಿಂತ ಹೆಚ್ಚು ಕರೆಯುವುದಿಲ್ಲ, ಆದ್ದರಿಂದ ಮೂರನೇ ಕರೆಗೇ ಓ ಅನ್ನಬೇಕು ಎಂಬುದನ್ನು ನಮ್ಮ ಕಡೆ ಎಲ್ಲರೂ ಸಣ್ಣವರಿದ್ದಾಗ ಕೇಳಿದವರೇ. ದೊಡ್ಡವರಾದ ಮೇಲೆ ಮರೆಯುತ್ತೇವೆ. ಅಪ್ಪನ ತಂಗಿಯಾದ ಈ ಅತ್ತಿ ಮಾತ್ರ ನಲವತ್ತೆರಡಾದರೂ ಮರೆತಿರಲಿಲ್ಲ. ನವನಗರದ ಮನೆಯಲ್ಲಿ ಅವಳ ಗಂಡ, ನಮ್ಮ ಮಾಮಾ, ಒಂದು ಕಪ್ ಚಹಾಕ್ಕೆ ಮೂರು ಸಲ ಕೂಗಬೇಕು. ಗ್ಯಾಸಿನವನಿಗೆಲ್ಲಿದೆ ಅಷ್ಟು ತಾಳ್ಮೆ? ಎರಡು ಸಲ ಕೂಗಿ ಸಿಲಿಂಡರಿನ ಸಮೇತ ಮುಂದಿನ ಓಣಿಗೆ ಹೋಗಿಬಿಡುತ್ತಿದ್ದ.

ಇಂಥ ಅತ್ತಿ, ಮಕ್ಕಳ ಸಾಲಿ ಮುಗಿಯಿತೆಂದು, ನನ್ನ ಜೊತೆಗೇ ಬಿ.ಎ. ಸೇರಿದಳು. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಬೆರಳಿಟ್ಟು ಆರಿಸಿದ್ದು ಇಂಗ್ಲಿಷ್ ಸಾಹಿತ್ಯ ಮತ್ತು ತತ್ವಶಾಸ್ತ್ರ. ಯಾಕೆ ಎಂದು ಕೇಳಿದೆ. ನಮ್ಮ ಕಡೆಯ ದೆವ್ವಗಳೆಲ್ಲ ಕನ್ನಡ ಸಾಲಿ ಕಲಿತವು, ಇಂಗ್ಲಿಷ್ ಕೇಳಿದರೆ ಓಡಿಹೋಗುತ್ತವೆ ಎಂದಳು. ಹಾಗಾದರೆ ತತ್ವಶಾಸ್ತ್ರ ಯಾಕೆ? ಓಡಿಹೋದದ್ದು ಖರೇನ ಇತ್ತೋ ಇಲ್ಲವೋ ಖಾತ್ರಿ ಮಾಡಿಕೊಳ್ಳುವುದು ಬೇಡವೇ ಎಂದಳು.

ಹಾಜರಿ ಕೂಗುವಾಗ ನಮ್ಮ ಗ್ರಹಚಾರ ಶುರುವಾಯಿತು. ಇಂಗ್ಲಿಷ್ ಸರ್ ಹೆಸರು ಕೂಗುವುದು ಒಂದೇ ಸಲ. ಅತ್ತಿ ಮೊದಲ ಬೆಂಚಿನಲ್ಲಿ ಕೂತು, ಅವರ ಮುಖವನ್ನೇ ನೋಡುತ್ತ, ತುಟಿ ಪಿಟಕ್ಕೆನ್ನದೆ ಗೈರುಹಾಜರಾಗುತ್ತಿದ್ದಳು! ತತ್ವಶಾಸ್ತ್ರದ ಸರ್‌ಗೆ ಮಾತ್ರ ಖುಷಿಯೋ ಖುಷಿ. ಬೆಂಚಿನಲ್ಲಿ ಇದ್ದಾರೆ, ರಿಜಿಸ್ಟರಿನಲ್ಲಿ ಇಲ್ಲ, ಹಾಗಾದರೆ ಇವರು ಇದ್ದಾರೋ ಇಲ್ಲವೋ ಎಂದು ಒಂದು ವಾರ ಪಾಠ ಮಾಡಿದರು. ವಾರ ಮುಗಿಯುವ ಹೊತ್ತಿಗೆ ನಾವೆಲ್ಲ ಇದ್ದೇವೆಂಬ ಧೈರ್ಯ ನಮಗ್ಯಾರಿಗೂ ಉಳಿದಿರಲಿಲ್ಲ.

ನಗುತ್ತೀರಿ. ಆದರೆ ಅವಳ ಪಕ್ಕದಲ್ಲಿ ಕೂತವಳು ನಾನು. ಪಾಠದ ನಡುವೆ ಅತ್ತಿ ಒಮ್ಮೊಮ್ಮೆ ಕಿಟಕಿಯ ಕಡೆ ಕಿವಿಗೊಟ್ಟು, ಮಡಿಲಲ್ಲಿ ಬೆರಳು ಮಡಚುತ್ತಿದ್ದಳು. ಒಂದು. ಎರಡು. ಕಿಟಕಿಯಾಚೆ ರಣಬಿಸಿಲು, ಖಾಲಿ ಮೈದಾನ. ಯಾರೂ ಕರೆದಿರಲಿಲ್ಲ. ಸ್ವಲ್ಪ ಹೊತ್ತು ಕಾದು ಮತ್ತೆ ಪುಸ್ತಕಕ್ಕೆ ಬಗ್ಗುತ್ತಿದ್ದಳು.

ಕೊನೆಗೆ ನೋಟಿಸು ಬಂತು. ದಿನಾ ಬೆಂಚಿನಲ್ಲಿ ಕಂಡದ್ದಕ್ಕೆ ಹಳೆಯ ಗೈರುಹಾಜರಿಯೆಲ್ಲ ಮಾಫಿ, ಆದರೆ ಪರೀಕ್ಷೆಗೆ ಕೂರಲು ಅತ್ತಿಗೆ ಇಂಗ್ಲಿಷಿನಲ್ಲಿ ಒಂದಾದರೂ ಹಾಜರಿ ಬೇಕು. ಉಳಿದದ್ದು ಬದಾಮಿ ಪ್ರವಾಸದ ದಿನದ ಹಾಜರಿಯೊಂದೇ. ಅದೂ ಹೋದರೆ ವರ್ಷವೇ ಹೋದಂತೆ. ಅವತ್ತೊಂದು ದಿನ ಮೂರು ಸಲ ಕರೆಯಿರೆಂದು ಇಂಗ್ಲಿಷ್ ಸರ್‌ಗೆ ಕೈಮುಗಿದೆ.

"ನಾ ಪಾಠಾ ಹೇಳಾಕ ಬಂದೇನೋ, ಲಿಲಾವ ಕೂಗಾಕ ಬಂದೇನೋ?" ಎಂದರು, ಹರಾಜಿನವರಂತೆ ಮೇಜು ಕುಟ್ಟಿ.

ಪ್ರವಾಸದ ದಿನ ಬಸ್ಸು ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ನಿಂತಿತು. ನನಗೆ ಸಿಟ್ಟು ತಡೆಯಲಿಲ್ಲ. ದೆವ್ವದ ಅಂಜಿಕೆಗೆ ಯಾರಾದರೂ ಡಿಗ್ರಿ ಕಳೆದುಕೊಳ್ಳುತ್ತಾರೇನು ಎಂದು ಬೈದೆ. ಅತ್ತಿ ಚಹಾದ ಕಪ್ಪನ್ನು ಬೆಂಚಿನ ಮೇಲಿಟ್ಟಳು. ಆಮೇಲೆ ಹೇಳಿದಳು. ಅವಳಿಗೆ ಒಂಬತ್ತು ವರ್ಷ, ಹುನಗುಂದದ ಮನೆ, ಮಟಮಟ ಮಧ್ಯಾಹ್ನ. ಅವಳ ಅವ್ವ, ಅಂದರೆ ನಾನು ಕಾಣದ ನನ್ನ ಅಜ್ಜಿ, ಹಿತ್ತಲಿನಿಂದ ಎರಡು ಸಲ ಕರೆದಳಂತೆ, ಎಂದಿನಂತೆ ಹೆಸರಿನ ಕೊನೆಯ ಅಕ್ಷರ ಎಳೆದು. ಮೂರನೇದಕ್ಕೆ ಓ ಅನ್ನಬೇಕೆಂದು ಕಲಿಸಿದವಳೂ ಆಕೆಯೇ. ಹುಡುಗಿ ಬಾಯಿಗೆ ಕೈಯಿಟ್ಟು ಕಾದಳು. ಎದ್ದು ಹೋಗಿ ನೋಡಿದಾಗ ಅವ್ವ ಬಾವಿಕಟ್ಟೆಯ ಹತ್ತಿರ ಬಿದ್ದಿದ್ದಳು, ಜೀವ ಹೋಗಿತ್ತು.

"ಮೂರನೇದ್ದು ಬರಲೇ ಇಲ್ಲ," ಎಂದಳು ಅತ್ತಿ. "ನನಗ ಅಂಜಿಕಿ ಇಲ್ಲವ್ವಾ. ನಾ ಕಾಯಾಕತ್ತೇನಿ."

ಬದಾಮಿಯ ಹೊಂಡದ ದಂಡೆಯಲ್ಲಿ, ಭೂತನಾಥನ ಗುಡಿಯ ಕಟ್ಟೆಯ ಮೇಲೆ ನಿಂತು ಸರ್ ಹಾಜರಿ ಕೂಗತೊಡಗಿದರು. ಕೆಂಪು ಬಂಡೆ ಪ್ರತಿ ಹೆಸರನ್ನೂ ಒಂದು ಸಲ ತಿರುಗಿ ಹೇಳುತ್ತಿತ್ತು, ಹುಡುಗರು ನಗುತ್ತಿದ್ದರು. ಅತ್ತಿಯ ಹೆಸರು ಬಂತು. ಸರ್ ಒಂದು ಸಲ, ಬಂಡೆ ಒಂದು ಸಲ. ದೂರದ ಮೆಟ್ಟಿಲ ಮೇಲೆ ಅತ್ತಿ ಎರಡು ಬೆರಳು ಮಡಚಿ ಕೂತಿದ್ದಳು. ಸರ್ ಪೆನ್ನು ಎತ್ತಿದರು. ಮೋಸವಾದರೆ ಆಗಲಿ, ಮೂರನೇದನ್ನು ನಾನೇ ಕರೆಯುತ್ತೇನೆಂದು ಕಂಬದ ಮರೆಗೆ ಹೋಗಿ ಬಾಯಿ ತೆರೆದೆ.

ನನ್ನ ದನಿ ಇನ್ನೂ ಹೊರಟಿರಲಿಲ್ಲ. ಹೆಣ್ಣು ದನಿಯೊಂದು, ಕೊನೆಯ ಅಕ್ಷರ ಎಳೆದು, ಅತ್ತಿಯನ್ನು ಕರೆಯಿತು. ಹೊಂಡದ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಕೈ ನಿಂತಿತು. ಆ ಕರೆಯನ್ನು ಬಂಡೆ ತಿರುಗಿ ಹೇಳಲಿಲ್ಲ.

ಅತ್ತಿ ಎದ್ದು ನಿಂತಳು. "ಓ, ಬಂದ್ನೆವ್ವಾ," ಎಂದಳು.

ಎಸ್ ಸರ್ ಅನ್ನಬೇಕು, ನಾನು ನಿಮ್ಮ ಅವ್ವ ಅಲ್ಲ ಎಂದು ಗೊಣಗುತ್ತ ಸರ್ ಹಾಜರಿ ಹಾಕಿದರು. ಹುಡುಗರು ಬಿದ್ದು ಬಿದ್ದು ನಕ್ಕರು. ನಾನು ಕಂಬ ಹಿಡಿದು ನಿಂತೇ ಇದ್ದೆ. ಗುಡಿಯ ಹಿಂದೆ ಹೋಗಿ ನೋಡಿದೆ, ಯಾರೂ ಇರಲಿಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ಅತ್ತಿ ನನ್ನ ಕೈ ಹಿಡಿದುಕೊಂಡಳು. "ಕರದಾಕಿ ನೀನ ಅಂತ ಗೊತ್ತೈತಿ. ಫಿಲಾಸಫಿ ಓದಾಕಿ ನಾ, ಅಷ್ಟ ತಿಳಿಯಂಗಿಲ್ಲೇನು? ಆದ್ರೂ ಮೂವತ್ಮೂರ ವರ್ಷದ ಮ್ಯಾಲೆ ಎದಿ ಹಗರಾತು ನೋಡು. ಭಾಳ ಚೊಲೋ ಕರದಿ."

ಖರೆ ಹೇಳಬೇಕೆಂದು ಅವಳ ಮುಖ ನೋಡಿದೆ. ಇಷ್ಟು ನಿರಾಳವಾದ ಮುಖವನ್ನು ನಾನು ಅವಳಲ್ಲಿ ಎಂದೂ ಕಂಡಿರಲಿಲ್ಲ.

"ಹೂಂ ಅತ್ತಿ," ಎಂದೆ. "ನಾನ ಕರದ್ನಿ."