ಮಾಳಿಗೆಯ ದುರ್ಬೀನು ಮತ್ತು ಆಕಾಶದ ಚಕ್ಕುಲಿ

ಮಾಸ್ತರನಾದವನು ಒಂದನ್ನು ತೋರಿಸಲು ಹೋದರೆ ಊರವರು ಇನ್ನೊಂದನ್ನು ನೋಡಿಕೊಂಡು ಹೋಗುತ್ತಾರೆ. ನನ್ನ ನೌಕರಿಯುದ್ದಕ್ಕೂ ಇದೇ ಆಯಿತು.

ನಿಜಾಮರ ಆಳ್ವಿಕೆ ಮುಗಿದ ಎರಡು ಮೂರು ವರ್ಷಕ್ಕೆ ಲಿಂಗಸುಗೂರಿನ ನಮ್ಮ ಶಾಲೆಗೆ ಯಾವುದೋ ಹಳೆಯ ಕಚೇರಿಯಿಂದ ಹಿತ್ತಾಳೆ ದುರ್ಬೀನೊಂದು ಬಂತು, ಜೊತೆಗೊಂದು ಉರ್ದು ಪುಸ್ತಕ. ಪುಸ್ತಕದಲ್ಲಿ ದಕ್ಷಿಣದ ಆಕಾಶದ ಸುರುಳಿ ಗ್ಯಾಲಕ್ಸಿಯ ಚಿತ್ರ, ಅದನ್ನು ಹುಡುಕಲು ಚುಕ್ಕಿಗಳ ನಕ್ಷೆ. ಕೋಟಿಗಟ್ಟಲೆ ನಕ್ಷತ್ರಗಳು ಸುತ್ತಿಕೊಂಡಿದ್ದವು. ನನಗೆ ಹುಚ್ಚೇ ಹಿಡಿಯಿತು. ಅಷ್ಟರಲ್ಲಿ ರಾಯಚೂರಿನಿಂದ ಕಾಗದ ಬಂತು: ತನಿಖೆಗೆ ಸಾಹೇಬರು ಬರುತ್ತಾರೆ, ದುರ್ಬೀನಿನಿಂದ ಉಪಯೋಗವಿಲ್ಲವೆಂದು ಕಂಡರೆ ವಾಪಸು ಒಯ್ಯುತ್ತಾರೆ. ಗ್ಯಾಲಕ್ಸಿ ಕಂಡೆನೆಂದು ಹೇಳುವ ಒಬ್ಬ ಸಾಕ್ಷಿಯಾದರೂ ಬೇಕಿತ್ತು.

ಬೇಸಿಗೆಯ ಅಮಾವಾಸ್ಯೆ ಹೊತ್ತಿಗೆ, ಊಟವಾದ ಮೇಲೆ, ಮನೆಯ ಮಾಳಿಗೆ ಮೇಲೆ ದುರ್ಬೀನು ಹೂಡಿದೆ. ಆಗ ಊರಿಗೆ ಕರೆಂಟು ಬಂದಿರಲಿಲ್ಲ. ಅಂಥ ಚೆಂದದ ಕತ್ತಲನ್ನು ಆಮೇಲೆ ನಾನು ಕಾಣಲಿಲ್ಲ, ನೆನೆದರೆ ಈಗಲೂ ಸಂಕಟವಾಗುತ್ತದೆ.

"ನಾನೂ ಒಮ್ಮಿ ನೋಡ್ಲೇನ್ರಿ?" ಎಂದಳು ಹೆಂಡತಿ.

"ತಡಿ, ಮೊದಲ ದೊಡ್ಡವರು ನೋಡ್ಲಿ" ಎಂದೆ.

೧. ಖಾಲಿ ಡಬ್ಬಿ

ಮೊದಲು ಬಂದವರು ಸಿಂಧನೂರಿನ ಕಿರಾಣಿ ವ್ಯಾಪಾರಿ. "ಹೆಂಗಿರತದರಿ ಅದು?" ಎಂದು ಕೇಳಿದರು.

"ಚಕ್ಕುಲಿ ಇದ್ದಂಗ" ಎಂದುಬಿಟ್ಟೆ.

ಅವರು ಬಹಳ ಹೊತ್ತು ಕಣ್ಣು ಕೀಲಿಸಿದರು. "ಅಂಗಡ್ಯಾಗ ನಾ ಒಡದ ಚಕ್ಕುಲಿನಾದ್ರೂ ತೋರಸ್ತೀನ್ರಿ ಮಾಸ್ತರ. ನೀವು ಖಾಲಿ ಡಬ್ಬಿ ತೋರಸಾಕತ್ತೀರಿ!"

ಆದರೂ ಒಳ್ಳೆಯ ಮನುಷ್ಯ. ಮರುವಾರ ಒಂದು ಪೊಟ್ಟಣ ಚಕ್ಕುಲಿ ಕಳಿಸಿ, ಹೇಳಿಯೂ ಕಳಿಸಿದರು: "ಸಾಹೇಬ್ರು ಬಂದಾಗ ಇವನ್ನ ತೋರಸ್ರಿ."

೨. ಗೌಡರ ನಡತೆ

ಮಂಕಾದದ್ದನ್ನು ನೆಟ್ಟ ನೋಟದಿಂದ ನೋಡಬಾರದು, ಪಕ್ಕಕ್ಕೆ ನೋಡಿದರೆ ಅದು ಕಣ್ಣಂಚಿನಲ್ಲಿ ಕಾಣುತ್ತದೆ ಎಂದು ಪುಸ್ತಕದಲ್ಲಿತ್ತು. ಮಸ್ಕಿ ಕಡೆಯ ಗೌಡರು ಬಂದಾಗ ಹಾಗೆಯೇ ಹೇಳಿದೆ: "ಗೌಡ್ರ, ನೆಟ್ಟಗ ನೋಡಬ್ಯಾಡ್ರಿ. ಓರೆಗಣ್ಣಿಲೆ ನೋಡ್ರಿ."

ಗೌಡರು ಹಾವು ತುಳಿದವರಂತೆ ಹಿಂದೆ ಸರಿದರು. "ಏನ್ ಮಾತಂತ ಆಡ್ತೀರಿ ಮಾಸ್ತರ! ಅರವತ್ತು ವರ್ಷ ಆತು, ಯಾರನ್ನೂ ಓರೆಗಣ್ಣಿಲೆ ನೋಡಿದವನಲ್ಲ ನಾ."

"ಅದು ಹೆಣ್ಣಲ್ರಿ ಗೌಡ್ರ, ನಕ್ಷತ್ರದ ಗುಂಪು!"

ನಿಚ್ಚಣಿಕೆ ಇಳಿಯುತ್ತಲೇ ಗೌಡರು ಹೇಳಿದರು: "ಅಷ್ಟು ದೂರ ಐತಿ, ಹೆಣ್ಣೋ ಗಂಡೋ ನಿಮಗ ಹೆಂಗ ಗೊತ್ತಾತು?"

೩. ಸಬೂತು

ಕೊನೆಗೆ, ಮುಂದಿನ ಅಮಾವಾಸ್ಯೆ ಹೊತ್ತಿಗೆ, ಸಾಹೇಬರೇ ಬಂದರು. ಗೌಡರ ಅನುಭವವಾದ ಮೇಲೆ ಅವರಿಗೆ ಓರೆಗಣ್ಣಿನ ಮಾತು ಹೇಳಲು ನನಗೆ ಧೈರ್ಯವಾಗಲಿಲ್ಲ. ಎರಡು ಕಣ್ಣನ್ನೂ ಬದಲಿಸಿ ನೋಡಿ ಬೆವರಿದರು. "ಏನೂ ಕಾಣವಲ್ದು. ಸಬೂತು ಎಲ್ಲೈತ್ರಿ ಮಾಸ್ತರ, ಐತಿ ಅನ್ನಾಕ ಸಾಕ್ಷಿ? ಮುಂಜಾನೆ ಇದನ್ನ ಪೆಟ್ಟಿಗ್ಯಾಗ ಹಾಕ್ರಿ."

ಅದೇ ಹೊತ್ತಿಗೆ ಹೆಂಡತಿ ನೀರಿನ ತಂಬಿಗೆ, ಚಕ್ಕುಲಿ ತಂದಳು. ನಮ್ಮಪ್ಪ ಅಲ್ಲೇ ಕೂತಿದ್ದರಿಂದ ಸೆರಗು ಹಣೆ ದಾಟಿ ಕೆಳಗಿಳಿದಿತ್ತು. ಸಾಹೇಬರು ಬೇಸರದಿಂದ, "ತಂಗೆಮ್ಮ, ನೀವಾದ್ರೂ ನೋಡ್ರಿ" ಎಂದರು. ಅಪ್ಪ ಕೆಮ್ಮಿ ಒಪ್ಪಿಗೆ ಕೊಟ್ಟರು.

ಆಕೆ ಬಗ್ಗಿದ್ದೇ ತಡ, "ಐತಲ್ರಿ! ಎರಡು ಸಣ್ಣ ಚುಕ್ಕಿ ಬಾಜೂಕ, ಬಟ್ಟಿಲೆ ವಿಭೂತಿ ಒರಸಿದಂಗ" ಎಂದಳು.

ಸಾಹೇಬರು ಕಂದೀಲು ಹಿಡಿದು ಪುಸ್ತಕದ ನಕ್ಷೆ ನೋಡಿದರು. ಎರಡು ಚುಕ್ಕಿ, ಪಕ್ಕದಲ್ಲೇ ಗ್ಯಾಲಕ್ಸಿ. ಆ ಪುಸ್ತಕವನ್ನು ಆಕೆ ತೆರೆದವಳೇ ಅಲ್ಲ. "ನಿಮಗ ಹೆಂಗ ಕಂಡಿತಮ್ಮ?" ಎಂದರು.

"ಮಾವನವರ ಮುಂದ ನೆಟ್ಟಗ ನೋಡೂ ಹಂಗಿಲ್ಲಲ್ರಿ. ಹನ್ನೆರಡು ವರ್ಷ ಇವರನ್ನೂ ಹಿಂಗ ಕಡೆಗಣ್ಣಿಲೇ ನೋಡೀನಿ."

ಅಪ್ಪ ಮತ್ತೆ ಕೆಮ್ಮಿದರು. ಸಾಹೇಬರು ನಗುತ್ತಲೇ ಬರೆದರು: 'ದುರ್ಬೀನು ಇಲ್ಲಿಯೇ ಇರತಕ್ಕದ್ದು. ನೋಡುವ ಕ್ರಮವನ್ನು ಮಾಸ್ತರರ ಮನೆಯವರಿಂದ ಕಲಿಯತಕ್ಕದ್ದು.'

ಎಲ್ಲರೂ ಇಳಿದ ಮೇಲೆ ಆಕೆ ಕೇಳಿದಳು: "ನಿಮಗ ಮೊದಲ ದಿನಾನ ಕಂಡಿತ್ತಲ್ರಿ?"

ನಾನು ತಲೆ ಕೆರೆದುಕೊಂಡೆ. ಊರಿಗೆಲ್ಲ ತೋರಿಸಲು ಹೊರಟ ನನಗೆ ಅದು ಪುಸ್ತಕದಲ್ಲಲ್ಲದೆ ಎಲ್ಲಿಯೂ ಕಂಡಿರಲಿಲ್ಲ. ಹಾಗೆಂದೇ ಒಪ್ಪಿಕೊಂಡೆ.

ಆಕೆ ಸೆರಗು ಜಾರುವಷ್ಟು ನಕ್ಕಳು. "ಹನ್ನೆರಡು ವರ್ಷ ಆತು, ಮನ್ಯಾಗ ಎದುರಿಗೇ ಓಡಾಡತೀನಿ, ನಾನ ಕಂಡಿಲ್ಲ ನಿಮಗ. ಅದೆಲ್ಲಿ ಕಾಣತದ? ಬರ್ರಿ, ಕಲಸ್ತೀನಿ."