ದುಂಡು ಮುಖದ ಮದುಮಗ

ಮನುಷ್ಯ ದಪ್ಪಗಾದರೆ ಗುಣವಾಗಿದ್ದಾನೆ, ತೆಳ್ಳಗಾದರೆ ಏನೋ ರೋಗ ಹಿಡಿದಿದೆ – ನಮ್ಮ ಪುತ್ತೂರು, ಸುಳ್ಯದ ಕಡೆ ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ದಾರಿಯಲ್ಲಿ ಸಿಕ್ಕಿದವರು "ಎಂತ ಮಾರಾಯ್ರೆ, ಸಪೂರ ಆಗಿದ್ದೀರಿ?" ಎಂದು ಕೇಳಿದರೆಂದರೆ ಆ ದಿನದ ಊಟ ರುಚಿಸುವುದಿಲ್ಲ. ನನ್ನ ಪಾಲಿಗೆ ಮಾತ್ರ ಇದು ತಿರುಗುಮುರುಗಾಯಿತು. ಗುಣವಾಗುತ್ತಾ ಹೋದಂತೆ ನಾನು ಸಪೂರನಾಗುತ್ತಾ ಹೋದೆ. ಅದರ ದೆಸೆಯಿಂದ ಕೈಗೆ ಬಂದ ಮದುವೆ ಬಾಯಿಗೆ ಬರುವುದರೊಳಗೆ ತಪ್ಪಿಹೋಗುವುದರಲ್ಲಿತ್ತು.

ಅರವತ್ತರ ದಶಕದ ಮಾತು. ನಾನು ಪುತ್ತೂರಿನ ಕೋರ್ಟಿನ ಬಳಿ ಒಬ್ಬ ವಕೀಲರಲ್ಲಿ ಟೈಪಿಸ್ಟನಾಗಿದ್ದೆ. ಬೆರಳೇ ಬಂಡವಾಳವಾಗಿರುವವನನ್ನು ಹುಡುಕಿಕೊಂಡು ಬಂದಂತೆ ಸಂಧಿವಾತ ನನ್ನ ಬೆರಳಿಗೇ ಬಂತು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು, ಲುಂಗಿಯ ಗಂಟು ಬಿಗಿಯಲಾಗದು. ಎಡಗಾಲಂತೂ ಎಷ್ಟು ಊದಿತ್ತೆಂದರೆ ಮೋಚಿಯ ಹತ್ತಿರ ಚಪ್ಪಲಿಯ ಪಟ್ಟಿ ಕತ್ತರಿಸಿ, ನಡುವೆ ಬೇರೆ ತೊಗಲಿನ ತುಂಡು ಸೇರಿಸಿ ಹೊಲಿಸಿಕೊಂಡಿದ್ದೆ. ಕೊನೆಗೆ ಡಾಕ್ಟರು ಒಂದು ಇಂಜೆಕ್ಷನ್ ಶುರುಮಾಡಿ, ಅದು ಹಿಡಿಯುವವರೆಗೆ ಇರಲಿ ಎಂದು ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ನಮ್ಮ ಕಡೆ ಆಗ ಹೊಸ ಮದ್ದು ಅದು. ಮಾತ್ರೆಯೆಂದರೆ ಮಾತ್ರೆ! ವಾರದೊಳಗೆ ಬೆರಳುಗಳು ಟೈಪ್‌ರೈಟರಿನ ಮೇಲೆ ಕುಣಿಯತೊಡಗಿದವು. ಕಾಲಿನ ಊತಕ್ಕೆ ಮಾತ್ರ ಅಷ್ಟು ಅವಸರವಿರಲಿಲ್ಲ. ಜೊತೆಗೆ ಹಸಿವು. ನನಗೆ ನೀರುದೋಸೆ ಹೊಯ್ದು ಹೊಯ್ದು ಅಮ್ಮನ ಕೈ ಸೋತಿತು. ಮತ್ತೆ ಮುಖ. ಕೆನ್ನೆ ತುಂಬಿ, ಗಲ್ಲ ಎರಡಾಗಿ, ಮುಖ ಹುಣ್ಣಿಮೆ ಚಂದ್ರನಂತಾಯಿತು. ನಮ್ಮ ವಕೀಲರು ಕಡ್ಡಿಯಂತಿದ್ದರು. ಹೊಸ ಕಕ್ಷಿದಾರರು ಬಂದವರೇ ಮೊದಲು ನನಗೆ ಕೈಮುಗಿಯುತ್ತಿದ್ದರು. ನಾನೂ ತಿರುಗಿ ಕೈಮುಗಿಯುತ್ತಿದ್ದೆ, ತಿದ್ದಲು ಅವಸರ ಮಾಡುತ್ತಿರಲಿಲ್ಲ. ಡಾಕ್ಟರು ಮಾತ್ರ, "ಇದು ಮಾತ್ರೆಯ ಮುಖ, ನಿಮ್ಮದಲ್ಲ. ನಂಬಬೇಡಿ" ಎಂದಿದ್ದರು. ಕನ್ನಡಿಯಲ್ಲಿ ಕಂಡದ್ದನ್ನು ನಂಬದಿರುವುದು ಹೇಗೆ?

ಆ ಮುಖ ಹೊತ್ತುಕೊಂಡೇ ನಾನು ಸಂಪಾಜೆಗೆ ಹೆಣ್ಣು ನೋಡಲು ಹೋದದ್ದು. ಹುಡುಗಿಯ ತಂದೆ ಬೆಳ್ಯಪ್ಪ ಗೌಡರು ನನ್ನನ್ನು ಕಂಡವರೇ ಪ್ರಸನ್ನರಾದರು. "ಉಂಡು ಬೆಳೆದ ಮುಖ" ಎಂದು ನನ್ನ ಸೋದರಮಾವನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿತು. (ನಮ್ಮ ಮನೆಮಾತು ಅರೆಭಾಷೆ. ಅವರೆಲ್ಲ ಆಡಿದ್ದನ್ನು ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. ಮೂಲದಲ್ಲಿ ಇನ್ನೂ ಖಾರವಾಗಿತ್ತು.) ಹುಡುಗಿ ದೇವಕಿ ಕಾಫಿ ತಂದಿಟ್ಟು, ತಲೆ ತಗ್ಗಿಸಿ ಬಾಗಿಲ ಬದಿಯಲ್ಲಿ ನಿಂತಳು. ನನಗೆ ಕಂಡದ್ದು ಅವಳ ಬೈತಲೆ ಮಾತ್ರ. ಆದರೆ ಒಳಗೆ ಹೋದ ಮೇಲೆ ಅವಳು ಯಾವುದಕ್ಕೋ ನಕ್ಕದ್ದು ಕೇಳಿತು. ಆ ನಗು ಕೇಳಿದ ಮೇಲೆ ನನಗೆ ಬೇರೆ ಹುಡುಗಿ ಬೇಡವಾಯಿತು. ಎದುರಿಗೆ ಆಟಿ ತಿಂಗಳು. ಶುಭಕಾರ್ಯ ಮಾಡುವ ಹಾಗಿಲ್ಲ. ಮಳೆ ಕಳೆದು ತುಳಸಿ ಪೂಜೆಯೂ ಮುಗಿಯಲಿ, ಆಮೇಲೆ ಮದುವೆ ಎಂದು ಮಾತಾಯಿತು.

ಅದೇ ಹೊತ್ತಿಗೆ ಡಾಕ್ಟರು, "ಇಂಜೆಕ್ಷನ್ ಹಿಡಿದಿದೆ, ಇನ್ನು ಮಾತ್ರೆ ಇಳಿಸುವ" ಎಂದರು. "ಗುಣ ಆದರೆ ನಾಳೆಯೇ ಬಿಡ್ತೇನಲ್ಲ?" ಎಂದೆ. ಅವರು ಗಾಬರಿಯಾದರು. "ಹಾಗೆಲ್ಲ ಮಾಡಿ ಪ್ರಾಣಕ್ಕೆ ತಂದುಕೊಳ್ಬೇಡಿ ಮಾರಾಯ್ರೆ. ಈ ಮದ್ದನ್ನು ನಿಮ್ಮ ಶರೀರವೇ ಒಳಗೆ ಸ್ವಲ್ಪ ಮಾಡ್ಕೊಳ್ತದೆ. ಈಗ ಹೊರಗಿಂದ ಆಳು ಬಂದು ಕೆಲಸ ಮಾಡ್ತಾನಂತ ಮನೆಯವರು ಕೈಕಟ್ಟಿ ಕೂತಿದ್ದಾರೆ. ಆಳನ್ನು ಒಂದೇ ಸಲ ಕಳಿಸಿದ್ರೆ ಮನೆ ನಡೀಲಿಕ್ಕುಂಟಾ? ಮನೆಯವರು ಎದ್ದು ಸೊಂಟ ಕಟ್ಟುವವರೆಗೆ ಮೆಲ್ಲ ಮೆಲ್ಲ ಬಿಡಿಸ್ಬೇಕು."

ಹೀಗೆ ಮೊದಲು ಅರ್ಧ, ಆಮೇಲೆ ಅರ್ಧದಲ್ಲಿ ಅರ್ಧ ಎಂದು ಇಳಿಸಬೇಕಾಗಿ ಬಂತು. ಅಷ್ಟು ಸಣ್ಣ ಮಾತ್ರೆಯನ್ನು ತುಂಡು ಮಾಡುವುದು ಹೇಗೆ? ಚಾಕು ಇಟ್ಟರೆ ಹಾರಿ ಒಲೆಯ ಹಿಂದೆ ಹೋಗುತ್ತಿತ್ತು. ಅಮ್ಮ ತನ್ನ ಅಡಕತ್ತರಿ ತಂದಳು. ಹುಟ್ಟಿದಾಗಿನಿಂದ ಅಡಿಕೆ ಹೋಳು ಮಾಡಿದ ಕೈ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕತ್ತರಿಸಿ, ತನ್ನ ಪಾಲಿನ ಅಡಿಕೆಯನ್ನು ವೀಳ್ಯದೆಲೆಗೂ ನನ್ನ ಪಾಲಿನ ಮಾತ್ರೆಯನ್ನು ನನ್ನ ಅಂಗೈಗೂ ಹಾಕುತ್ತಿದ್ದಳು. ಒಂದು ದಿನವಾದರೂ ಅದಲುಬದಲಾಗಲಿಲ್ಲ; ಆಗುತ್ತದೆಂಬ ಭಯ ಮಾತ್ರ ನನಗೆ ದಿನಾಲೂ ಇತ್ತು. ಪ್ರತಿ ಸಲ ಇಳಿಸಿದಾಗಲೂ ನಾಲ್ಕು ದಿನ ಮೈಕೈ ನೋವು, ಯಾರ ಮೇಲಾದರೂ ಸಿಡುಕು. ಆಮೇಲೆ ಒಳಗಿನ ಮನೆಯವರು ಎದ್ದು ಸ್ವಲ್ಪ ಕೆಲಸ ಮಾಡಿದಂತೆ ಹಗುರವಾಗುತ್ತಿತ್ತು. ಮಾತ್ರೆ ಇಳಿದ ಹಾಗೆ ಹಸಿವು ಇಳಿಯಿತು, ಎರಡನೆಯ ಗಲ್ಲ ಮಾಯವಾಯಿತು. ಕಕ್ಷಿದಾರರು ಕೈಮುಗಿಯುವುದನ್ನು ಬಿಟ್ಟು "ವಕೀಲರು ಇದ್ದಾರಾ?" ಎಂದು ಕೇಳತೊಡಗಿದರು.

ಚೌತಿ ಕಳೆದ ಮೇಲೆ ಬೆಳ್ಯಪ್ಪ ಗೌಡರು ಏನೋ ಕೆಲಸಕ್ಕೆ ಪುತ್ತೂರಿಗೆ ಬಂದವರು ನನ್ನನ್ನು ನೋಡಲು ಮನೆಗೂ ಬಂದರು. ಬಾಗಿಲಲ್ಲಿ ನಿಂತು, ನನ್ನನ್ನೇ ನೋಡಿ, "ಅಣ್ಣ ಇಲ್ವಾ?" ಎಂದು ಕೇಳಿದರು. ನನಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ನಾನೇ ಎಂದು ಗೊತ್ತಾದಾಗ ಅವರು ಅಮ್ಮ ತಂದುಕೊಟ್ಟ ನೀರನ್ನು ಅರ್ಧಕ್ಕೇ ಕೆಳಗಿಟ್ಟರು. ಮಾತ್ರೆಯ ಕಥೆಯನ್ನೆಲ್ಲ ಹೇಳಿದೆ. ತಲೆಯಾಡಿಸಿ ಹೋದರು. ಹತ್ತು ದಿನದಲ್ಲಿ ಸೋದರಮಾವನ ಮೂಲಕ ಮಾತು ಬಂತು: ಹುಡುಗ ಕರಗುತ್ತಾ ಇದ್ದಾನೆ, ಕ್ಷಯವೋ ಏನೋ, ಮದುವೆ ಸದ್ಯ ಬೇಡ.

ನನಗೆ ದುಃಖವಾಯಿತು. ಅದಕ್ಕಿಂತ ಹೆಚ್ಚಾಗಿ ಒಂದು ಉಪಾಯ ಹೊಳೆಯಿತು. ಮತ್ತೆ ಮೊದಲಿನಷ್ಟೇ ಮಾತ್ರೆ ತಿಂದು, ಮುಖ ಊದಿಸಿಕೊಂಡು ಒಮ್ಮೆ ಸಂಪಾಜೆಗೆ ಹೋಗಿ ಬಂದರೆ? ತಾಳಿ ಕಟ್ಟಿದ ಮೇಲೆ ಇಳಿಸಿದರಾಯಿತು. ಮಾತ್ರೆಯ ಡಬ್ಬಿ ಅಮ್ಮನ ಎಲೆಯಡಿಕೆ ಚೀಲದಲ್ಲಿತ್ತು. ಕೇಳಿದೆ. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮುಖ ಊದ್ಲಿಕ್ಕೆ ಮಾತ್ರೆ ಎಂತಕ್ಕೆ? ಇಲ್ಲಿ ಬಾ, ಎರಡು ಕೆನ್ನೆಗೆ ಎರಡು ಕೊಡ್ತೇನೆ" ಎಂದಳು.

ಕೊನೆಗೆ ಇದ್ದ ಮುಖವನ್ನೇ ತೆಗೆದುಕೊಂಡು ಸಂಪಾಜೆಯ ಬಸ್ಸು ಹತ್ತಿದೆ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕುಳಿತೆ. ಬೆಳ್ಯಪ್ಪ ಗೌಡರು ಬೆಲ್ಲ ನೀರು ಕೊಡಿಸಿದರು, ಮಾತು ಕೊಡಲಿಲ್ಲ. ಹೇಳಿದ್ದನ್ನೇ ಮತ್ತೆ ಹೇಳಿದೆ. "ನೀವು ಗುಣ ಆಯ್ತು ಹೇಳ್ತೀರಿ. ಮುಖ ಬೇರೆ ಹೇಳ್ತದೆ. ನಾನು ಯಾವುದನ್ನು ನಂಬುದು?" ಎಂದರು. ಎದ್ದು ಹೊರಡುವುದೇ ಸರಿ ಎಂದು ಎದ್ದೆ.

ಆಗ ಒಳಗಿನಿಂದ ದೇವಕಿಯ ಧ್ವನಿ ಬಂತು. "ಅಪ್ಪ, ಮುಖ ಬಿಡಿ. ಅವರ ಎಡಗಾಲಿನ ಚಪ್ಪಲಿ ನೋಡಿ."

ಬೆಳ್ಯಪ್ಪ ಗೌಡರಿಗೂ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಅವಳು ಬಾಗಿಲಿಗೆ ಬಂದಳು. "ಅವತ್ತು ಬಂದಾಗ ಆ ಚಪ್ಪಲಿಯ ಪಟ್ಟಿಗೆ ತುಂಡು ಸೇರಿಸಿ ಹೊಲಿಸಿದ್ರು. ಕಾಲು ಅಷ್ಟು ಊದಿತ್ತು. ಏಳುವಾಗ ಅಜ್ಜನ ಹಾಗೆ ಕಂಬ ಹಿಡಿದ್ರು. ನೀವೆಲ್ಲ ಮುಖ ನೋಡಿ ಖುಷಿಯಾದ್ರಿ, ನನಗೆ ಅವತ್ತೇ ಹೆದರಿಕೆ ಆಗಿತ್ತು. ಈಗ ನೋಡಿ, ತುಂಡು ತೆಗೆದು ಪಟ್ಟಿ ಗಿಡ್ಡ ಮಾಡಿದ್ದಾರೆ. ಈಗ ಎದ್ದದ್ದೂ ಕಂಬ ಹಿಡೀದೆ."

ಬೆಳ್ಯಪ್ಪ ಗೌಡರು ಮೆಟ್ಟಿಲಿಳಿದು ನನ್ನ ಚಪ್ಪಲಿಯನ್ನು ಕೈಗೆತ್ತಿಕೊಂಡು, ಅಡಿಕೆ ಆರಿಸುವಾಗ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಾಲು ನೋಡಿದರು. "ಹೆದರಿಕೆ ಆದ್ರೆ ಅವತ್ತೇ ಹೇಳುದಲ್ವಾ ಮಗಳೇ?" ಎಂದರು.

"ಹೇಳಿದ್ರೆ ನೀವು ಬೇಡ ಹೇಳ್ತಿದ್ರಿ" ಎಂದಳು ದೇವಕಿ.

ಅಷ್ಟು ಹೇಳಿ ಒಳಗೆ ಓಡಿದಳು. ಬೆಳ್ಯಪ್ಪ ಗೌಡರು ಚಪ್ಪಲಿಯನ್ನು ಕೆಳಗಿಟ್ಟು, ಊಟ ಮಾಡಿಕೊಂಡೇ ಹೋಗಬೇಕೆಂದರು. ನನಗೆ ಕಣ್ಣು ತುಂಬಿ ಬಂತು. ಹಸಿವೂ ಆಯಿತು, ಮಾತ್ರೆಯದ್ದಲ್ಲದ ಹಸಿವು.

ಮದುವೆಯ ಹೊತ್ತಿಗೆ ನನ್ನ ಪಾಲಿನ ಮಾತ್ರೆ ಅಡಕತ್ತರಿಯ ಅಲಗಿಗಂಟಿದ ಪುಡಿಯಷ್ಟಕ್ಕೆ ಇಳಿದಿತ್ತು, ಆಮೇಲೆ ಅದೂ ನಿಂತಿತು. ವಾತವೇನೂ ಪೂರ್ತಿ ಬಿಟ್ಟು ಹೋಗಲಿಲ್ಲ. ಚಳಿಗಾಲದಲ್ಲಿ ನೆಂಟನಂತೆ ಬಂದು ಹೋಗುತ್ತದೆ. ಬೆರಳುಗಳು ಮಾತ್ರ ಇದನ್ನು ಬರೆಯುವಷ್ಟು ಚೆನ್ನಾಗಿವೆ. ಆದರೆ ಒಂದು ಆಸೆ ನನ್ನಲ್ಲಿ ಉಳಿದುಬಿಟ್ಟಿತ್ತು. ಇಡೀ ಮಳೆಗಾಲ ನಾನು ಕನ್ನಡಿಯ ಮುಂದೆ ನಿಂತು ಆ ಮುಖಕ್ಕಾಗಿ ಕೊರಗಿದ್ದೆನಲ್ಲ, ಅದನ್ನು ದೇವಕಿ ಒಮ್ಮೆಯಾದರೂ ಚೆನ್ನಾಗಿತ್ತು ಎನ್ನಬೇಡವೇ? ಮೊನ್ನೆ ಪೆಟ್ಟಿಗೆ ಒರೆಸುವಾಗ ನಮ್ಮ ಮದುವೆಯ ಫೋಟೋ ಸಿಕ್ಕಿತು. ಇಬ್ಬರೂ ಹಾರ ಹಾಕಿಕೊಂಡು ನಿಂತದ್ದು, ಸೊಂಟದವರೆಗಿನದು. ಕೆನ್ನೆಯಲ್ಲಿ ಇನ್ನೂ ಒಂದಿಷ್ಟು ಹುಣ್ಣಿಮೆ ಉಳಿದಿತ್ತು. ಅವಳ ಮುಂದೆ ಹಿಡಿದು, "ಹೇಗಿದ್ದೆ ಹೇಳು ನಾನು?" ಎಂದು ಕೇಳಿದೆ.

ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಇದ್ರಲ್ಲಿ ಕಾಲೇ ಬರ್ಲಿಲ್ಲ ಮಾರಾಯ್ರೆ, ನನಗೆ ಗುರ್ತ ಸಿಕ್ಕುದು ಹೇಗೆ?" ಎಂದಳು.