ಡಿವಿಡಿ ಪ್ಲೇಯರಿಗೊಂದು ಕೊಸರು

ಎಲ್ಲೋ ಏನೋ ಅಗ್ಗಕ್ಕೆ ಸಿಗುತ್ತಂತೆ ಅನ್ನೋ ಮಾತು ನಮ್ಮ ಯಜಮಾನರ ಕಿವಿಗೆ ಬಿತ್ತು ಅಂದರೆ ಮುಗೀತು, ಆ ವಾರ ನಮ್ಮ ಮನೇಲಿ ಒಂದು ಪ್ರಸಂಗ ಗ್ಯಾರಂಟಿ. ನಾನು ಬೇಡ ಅಂದರೂ ಆಗುತ್ತೆ, ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತೆ. ಮೈಸೂರಿಂದ ಮದುವೆಯಾಗಿ ಮದರಾಸಿಗೆ ಬಂದವಳು ನಾನು. ವಿಮಾ ಕಚೇರಿಯಲ್ಲಿ ಕೆಲಸ ಇರೋ ಗಂಡ, ವೆಸ್ಟ್ ಮಾಂಬಲಂನಲ್ಲಿ ಎರಡು ರೂಮಿನ ಮನೆ, ಎಲ್ಲ ಸರಿಯಾಗೇ ಇತ್ತು. ಈ ಮನುಷ್ಯ ಅಂಗಡಿಯವರು ಹೇಳಿದ ಬೆಲೆಗೆ ಒಂದು ಬೆಂಕಿಪೊಟ್ಟಣವನ್ನೂ ಕೊಂಡವರಲ್ಲ ಅನ್ನೋದನ್ನ ಮಾತ್ರ ನಮ್ಮಪ್ಪನಿಗೆ ಯಾರೂ ಹೇಳಿರಲಿಲ್ಲ.

೧. ಸೊಪ್ಪಿನ ಅಜ್ಜಿ

ಸ್ಟೇಷನ್ ಪಕ್ಕದ ಬೀದೀಲಿ ಸೊಪ್ಪು ಮಾರೋ ಅಜ್ಜಿ ಒಬ್ಬಳಿದ್ದಳು. ಇವರು ಬರೋದು ದೂರದಿಂದ ಕಂಡರೆ ಸಾಕು, ಬುಟ್ಟಿ ಮೇಲೆ ಗೋಣಿತಾಟು ಎಳೆದು, "ಇವತ್ತು ಸೊಪ್ಪಿಲ್ಲ ಸಾರ್" ಅನ್ನೋಳು. ಇವರು ಬಿಡಬೇಕಲ್ಲ! ಗೋಣಿತಾಟಿನ ಮೇಲಿಂದಲೇ ಚೌಕಾಸಿ ಶುರು. ಬೆಲೆ ಇಳಿಸಿದ ಮೇಲೆ ಕೊಸರು ಅಂತ ಒಂದು ಹಿಡಿ ಕರಿಬೇವು ಬೇರೆ ಆಗಬೇಕು. ಕೊಸರಿಲ್ಲದ ವ್ಯಾಪಾರ ಒಗ್ಗರಣೆ ಇಲ್ಲದ ಸಾರು ಅಂತ ಅವರ ಸಿದ್ಧಾಂತ.

ಆ ಕೊಸರಿಗೆ ಕೈ ಚಾಚಿ ನಿಲ್ಲೋಳು ನಮ್ಮ ಮಗಳು ಪುಟ್ಟಿ. ಆಗ ಆರೋ ಏಳೋ ವರ್ಷ. ಒಂದು ದಿನ ಅಜ್ಜಿ ಅವಳ ಗಲ್ಲ ಹಿಡಿದು, "ಸಾರ್, ಈ ಪಾಪಾನ ನನಗೆ ಕೊಟ್ಟುಬಿಡಿ, ಪೂರ್ತಿ ಬುಟ್ಟೀನೇ ತಗೊಂಡು ಹೋಗಿ" ಅಂದಳು.

ಇವರು ಮಗಳ ಮುಖ ನೋಡಿದರು. ಬುಟ್ಟಿ ನೋಡಿದರು.

"ಬುಟ್ಟಿ ಜೊತೆ ಗೋಣಿತಾಟೂ ಬರುತ್ತಾ?" ಅಂದರು.

ಪುಟ್ಟಿ ಮನೆಗೆ ಬಂದವಳು ಅಪ್ಪನ ಹತ್ತಿರ ಒಂದು ವಾರ ಟೂ ಬಿಟ್ಟಿದ್ದಳು.

೨. ದೇವರ ಗೂಡಿನಲ್ಲಿ ಇಟ್ಟಿದ್ದು

ನಗಿಸೋಕೆ ಕೂತವಳು ಇದನ್ನ ಹೇಳಬಾರದು. ಆದರೆ ಹೇಳದಿದ್ದರೆ ಮುಂದಿನದು ನಿಮಗೆ ಗೊತ್ತಾಗಲ್ಲ. ಪುಟ್ಟಿ ಈಗ ಇಲ್ಲ. ಕಾಲೇಜಿನ ಕೊನೇ ವರ್ಷದಲ್ಲಿ ಕಾಮಾಲೆ ಬಂತು, ಆಸ್ಪತ್ರೆಗೆ ಸೇರಿಸಿದ್ವಿ. ನಡೆದುಕೊಂಡು ಹೋದವಳನ್ನ ನಾವು ವಾಪಸು ಕರೆದುಕೊಂಡು ಬರಲಿಲ್ಲ. ಅಷ್ಟೇ ನಾನು ಹೇಳಬಲ್ಲೆ.

ಅವಳ ಫೋಟೋ ಮನೆ ತುಂಬ ಇತ್ತು. ದನಿ ಇರಲಿಲ್ಲ. ಓದಿದ್ದೆಲ್ಲ ಇಲ್ಲೇ ಆದ್ದರಿಂದ ನಾವು ಕನ್ನಡದಲ್ಲಿ ಕೇಳಿದರೆ ಅವಳು ಅರ್ಧ ತಮಿಳು ಬೆರೆಸಿ ಉತ್ತರ ಕೊಡೋಳು. ಆ ಕಲಬೆರಕೆ ಮಾತು ಎಷ್ಟು ಕೇಳಿದ್ದೆ! ಆದರೂ ಎರಡು ವರ್ಷ ಕಳೆಯೋ ಹೊತ್ತಿಗೆ ಅವಳು "ಅಮ್ಮಾ" ಅನ್ನುತ್ತಿದ್ದ ರಾಗ ನನಗೆ ಮರೆತುಹೋಗ್ತಾ ಇತ್ತು. ಹೆತ್ತವಳಿಗೆ ಇದಕ್ಕಿಂತ ದೊಡ್ಡ ಭಯ ಬೇರೆ ಇಲ್ಲ.

ಆಗ ಮೈಸೂರಿಂದ ನಮ್ಮ ಭಾವನವರು ಒಂದು ಡಿವಿಡಿ ಕಳಿಸಿದರು. ಅವರ ಮಗನ ಮದುವೆಯ ವಿಡಿಯೋ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತಿತ್ತಂತೆ, ಅದಕ್ಕೇ ಡಿವಿಡಿ ಮಾಡಿಸಿದರು. "ಪುಟ್ಟಿ ಬಾಗಿಲು ತಡೆದದ್ದು ಪೂರ್ತಿ ಬಂದಿದೆ ಕಣಮ್ಮ, ಮಾತು ಸಮೇತ" ಅಂತ ಫೋನಿನಲ್ಲಿ ಹೇಳಿದರು. ಮದುಮಕ್ಕಳನ್ನ ಮನೆ ತುಂಬಿಸಿಕೊಳ್ಳುವಾಗ ಗಂಡಿನ ತಂಗಿ ಬಾಗಿಲಿಗೆ ಅಡ್ಡ ನಿಂತು ಉಡುಗೊರೆ ಕೇಳ್ತಾಳಲ್ಲ, ಆ ಶಾಸ್ತ್ರ. ಭಾವನವರಿಗೆ ಹೆಣ್ಣುಮಕ್ಕಳಿಲ್ಲ, ಹಾಗಾಗಿ ತಂಗಿಯಾಗಿ ನಿಂತವಳು ನಮ್ಮ ಪುಟ್ಟಿ.

ಡಿವಿಡಿ ಬಂತು, ಹಾಕೋಕೆ ಮೆಷಿನ್ ಇಲ್ಲ. ಮಹಡಿ ಮನೆಯ ಮಾಮಿ ಹತ್ತಿರ ಇತ್ತು, ಆದರೆ ಇನ್ನೊಬ್ಬರ ಹಾಲಿನಲ್ಲಿ ಕೂತು ಅವರು ಕೊಟ್ಟ ಕಾಫಿ ಕುಡಿಯುತ್ತಾ ಹೇಗೆ ಅಳೋದು? ನಾವೇ ಒಂದು ಕೊಳ್ಳೋಣ ಅಂತ ತೀರ್ಮಾನ ಮಾಡಿ ನಾನು ಅದನ್ನ ದೇವರ ಗೂಡಿನಲ್ಲಿ ಇಟ್ಟೆ. ಶುಕ್ರವಾರ ಕುಂಕುಮಕ್ಕೆ ಬಂದ ಮಾಮಿ ಅದರ ಹೊಳಪು ನೋಡಿ ಯಾವುದೋ ಚಕ್ರ ಅಂದುಕೊಂಡು ಕೈಮುಗಿದಳು.

"ಎಂದ ಸಾಮಿ?" ಅಂತ ಕೇಳಿದಳು, ಯಾವ ದೇವರು ಅಂತ.

"ನಮ್ಮನೆ ದೇವರು" ಅಂದೆ. ಮಾಮಿ ಪಾಪ, ಒಂದು ಹೂವನ್ನೂ ಏರಿಸಿ ಹೋದಳು.

೩. ಅರ್ಧಕ್ಕೇ ಒಪ್ಪಿದ ಪುಣ್ಯಾತ್ಮ

ಮೊದಲು ಹೋದದ್ದು ರಿಚ್ಚಿ ಸ್ಟ್ರೀಟಿಗೆ. ಆಗಿನ್ನೂ ಡಿವಿಡಿ ಪ್ಲೇಯರ್ ಅಂದರೆ ಒಂದು ತಿಂಗಳ ಸಂಬಳ. ಅಂಗಡಿಯವನು ಹನ್ನೆರಡು ಸಾವಿರ ಅಂದ. ಇವರು ನಿಧಾನವಾಗಿ ಕನ್ನಡಕ ಒರೆಸಿಕೊಂಡು, "ಆರು" ಅಂದರು. ಇನ್ನು ಬೈಗುಳ ತಪ್ಪಿದ್ದಲ್ಲ ಅಂತ ನಾನು ಬೀದಿ ಕಡೆ ತಿರುಗಿ ನಿಂತೆ.

"ಸರಿ ಸಾರ್, ತಗೊಳ್ಳಿ" ಅಂತ ಅವನು ಪೆಟ್ಟಿಗೆ ಇಳಿಸೇಬಿಟ್ಟ!

ನಮ್ಮ ಯಜಮಾನರ ಮುಖ ಬಿಳುಚಿಕೊಂಡಿತು. ನನ್ನ ಕೈ ಹಿಡಿದು ದರದರ ಎಳೆದುಕೊಂಡು ಆಚೆ ಬಂದರು. "ಕೇಳಿದ ತಕ್ಷಣ ಒಪ್ಪಿದ ಅಂದರೆ ಏನರ್ಥ? ನಾಲ್ಕು ಅನ್ನಬೇಕಿತ್ತು. ಇನ್ನೂ ಇಳಿಯುತ್ತೆ ಕಣೆ" ಅಂತ ಟ್ರೈನಿನಲ್ಲಿ ಕೈ ಕೈ ಹಿಸುಕಿಕೊಂಡರು.

"ನಾಲ್ಕಕ್ಕೂ ಒಪ್ಪಿದ್ದರೆ?" ಅಂದೆ.

"ಎರಡು ಅನ್ನಬೇಕಿತ್ತು ಅಂತ ಗೊತ್ತಾಗ್ತಿತ್ತು."

೪. ಸೀಲು

ಆಮೇಲೆ ಬರ್ಮಾ ಬಜಾರು. ಪೆಟ್ಟಿಗೆಯೊಳಗೆ ಇಟ್ಟಿಗೆ ಇಟ್ಟು ಮಾರ್ತಾರೆ ಅಂತ ಇವರ ಆಫೀಸಿನಲ್ಲಿ ಯಾರೋ ತಲೆ ಕೆಡಿಸಿದ್ದರು. ಅರ್ಧ ದಿನ ಹೋರಾಡಿ ಬೆಲೆ ಕುದುರಿಸಿದ ಮೇಲೆ ಇವರು, "ಬಿಚ್ಚಿ ತೋರಿಸು" ಅಂದರು. ಅಂಗಡಿಯವನು ಮರ್ಯಾದಸ್ಥ. ಸೀಲು ಒಡೆದ, ಥರ್ಮೋಕೋಲು ತೆಗೆದ, ಪ್ಲೇಯರನ್ನ ಪ್ಲಗ್ಗಿಗೆ ಹಾಕಿ ದೀಪ ಉರಿಸಿ ತೋರಿಸಿದ. ಎಲ್ಲ ಸೊಗಸಾಗಿತ್ತು. ನಾನು ಮನಸ್ಸಿನಲ್ಲೇ ರಾಘವೇಂದ್ರಸ್ವಾಮಿಗಳಿಗೆ ತುಪ್ಪದ ದೀಪ ಹೇಳಿಕೊಂಡೆ.

"ಇದು ಬೇಡಪ್ಪ" ಅಂದರು ಇವರು.

"ಯಾಕೆ ಸಾರ್?"

"ಸೀಲು ಒಡೆದಿದೆಯಲ್ಲ."

ಆ ಮನುಷ್ಯ ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ನನ್ನ ಕಡೆ ನೋಡಿ, "ಅಮ್ಮಾ, ಮನೇಲೂ ಹೀಗೇನಾ?" ಅಂತ ಕೇಳಿದ. ನಾನು ತಾಳಿ ಮುಟ್ಟಿ ತೋರಿಸಿದೆ. ಅವನೇ ಸೋಡಾ ತರಿಸಿಕೊಟ್ಟ.

೫. ಹಳೇ ಟ್ರಾನ್ಸಿಸ್ಟರು

ಹೀಗೇ ವರ್ಷ ಹೋಯ್ತು. ಬೆಲೆ ನಿಜಕ್ಕೂ ಇಳೀತಾನೇ ಇತ್ತು. ಇವರ ಮಾತು ಸುಳ್ಳಾಗಲಿಲ್ಲ, ಅದೇ ನನ್ನ ಗ್ರಹಚಾರ. ಪ್ರತಿ ಸಲವೂ, "ನೋಡಿದೆಯಾ, ಹೋದ ತಿಂಗಳು ಕೊಂಡಿದ್ದರೆ ಟೋಪಿ ಬೀಳ್ತಿತ್ತು" ಅನ್ನೋರು.

ದೀಪಾವಳಿಗೆ ಟಿ. ನಗರದ ಒಂದು ಅಂಗಡೀಲಿ ಎಕ್ಸ್‌ಚೇಂಜ್ ಹಾಕಿದರು. ಹಳೇದು ಏನೇ ತನ್ನಿ, ಕೆಟ್ಟಿದ್ದರೂ ಸರಿ, ಹೊಸದರ ಬೆಲೆಯಲ್ಲಿ ಅಷ್ಟು ಕಡಿಮೆ. ನಮ್ಮ ಅಟ್ಟದ ಮೇಲೆ ಪುಟ್ಟಿಯ ಟ್ರಾನ್ಸಿಸ್ಟರ್ ಇತ್ತು. ಇವರೇ ಚೌಕಾಸಿ ಮಾಡಿ ತಂದುಕೊಟ್ಟದ್ದು. ಅಗ್ಗದ್ದಲ್ವಾ, ಇದ್ದಷ್ಟು ದಿನ ಒಂದೇ ಸ್ಟೇಷನ್ ಹಿಡೀತು. ಅದನ್ನ ಚೀಲದಲ್ಲಿ ಹಾಕಿಕೊಂಡು ಹೋದ್ವಿ.

"ಇದಕ್ಕೆ ಐನೂರು ಬಿಡ್ತೀವಿ ಸಾರ್" ಅಂದ ಅಂಗಡಿಯವನು.

"ಐನೂರಾ? ಇದಕ್ಕಾ?"

"ಇದು ಕೆಟ್ಟಿದೆ ಸಾರ್."

"ಕೆಟ್ಟಿದೆ ಸರಿ. ಯಾರದು ಅಂತ ಗೊತ್ತಾ ನಿನಗೆ?"

ಅವನು ಸಾವಿರಕ್ಕೆ ಬಂದ. ಇವರು ತಲೆ ಅಲ್ಲಾಡಿಸಿದರು. ಒಂದೂವರೆಗೆ ಬಂದ. ಜನ್ಮದಲ್ಲಿ ಮೊದಲ ಸಲ ನಮ್ಮ ಯಜಮಾನರು ಬೆಲೆ ಏರಿಸೋದನ್ನ ನೋಡಿದೆ. ಕೊನೆಗೆ ಮ್ಯಾನೇಜರ್ ಬಂದು, "ಸಾರ್, ಪ್ಲೇಯರ್ ಬೆಲೆ ಮೂರೂವರೆ. ನೀವು ಈ ಡಬ್ಬಕ್ಕೆ ಕೇಳ್ತಿರೋದು ನಾಲ್ಕು. ಪ್ಲೇಯರೂ ಕೊಟ್ಟು ಮೇಲೆ ಐನೂರು ನಾನೇ ಕೊಡಬೇಕಾ?" ಅಂದರು.

"ಕೊಟ್ಟರೂ ಕೊಡಲ್ಲ ಹೋಗ್ರಿ!" ಅಂತ ಇವರು ಟ್ರಾನ್ಸಿಸ್ಟರನ್ನ ಎದೆಗೆ ಅವುಚಿಕೊಂಡು ಅಂಗಡಿಯಿಂದ ಇಳಿದುಬಿಟ್ಟರು.

ಮಾಂಬಲಂ ಸ್ಟೇಷನ್ ಸೇತುವೆ ಮೇಲೆ ನಾನು ನಿಂತೆ. "ರೀ, ನಿಮಗೆ ಬೆಲೆ ಇಳಿಯೋದು ಬೇಕಾಗಿಲ್ಲ. ನಿಮಗೆ ಭಯ" ಅಂದೆ.

ಅವರು ಕೆಳಗೆ ಹೋಗೋ ಟ್ರೈನು ನೋಡ್ತಾ ನಿಂತರು. "ನೋಡಿಬಿಟ್ಟರೆ ಮುಗಿದುಹೋಗುತ್ತೆ ಕಣೆ. ಈಗ ಅವಳದ್ದು ಕೇಳೋ ಮಾತು ಇನ್ನೂ ಒಂದಷ್ಟು ಇದೆ ಅನ್ನೋ ಧೈರ್ಯ ಇದೆ. ಕೇಳಿದ ಮೇಲೆ ಏನಿದೆ?" ಅಂದರು. ಮುವತ್ತು ವರ್ಷದಲ್ಲಿ ಅವರು ನನ್ನೆದುರು ಅತ್ತದ್ದು ಅದು ಎರಡನೇ ಸಲ.

ನಾನೂ ಅತ್ತೆ. ಆಮೇಲೆ ಇಬ್ಬರೂ ಕಣ್ಣೊರೆಸಿಕೊಂಡು ಇಳಿದು ಬಂದ್ವಿ. ಮೆಟ್ಟಿಲ ಹತ್ತಿರ ನನಗೆ ಅಂತ ಎರಡು ಮೊಳ ಮಲ್ಲಿಗೆ ತಗೊಂಡರು. ಅರ್ಧ ಮೊಳ ಕೊಸರು ಕೇಳೋದನ್ನ ಮಾತ್ರ ಮರೀಲಿಲ್ಲ.

೬. ನಾನು ಮಾಡಿದ ಚೌಕಾಸಿ

ಅವರಿಗೆ ಭಯ ಇರಬಹುದು, ನನಗೆ ಹಸಿವು. ಒಂದು ದಿನ ಅವರು ಆಫೀಸಿಗೆ ಹೋದ ಮೇಲೆ ಸ್ಟೇಷನ್ ಬೀದಿಯ ಎಲೆಕ್ಟ್ರಿಕ್ ಅಂಗಡಿಗೆ ಒಬ್ಬಳೇ ಹೋದೆ. ಇವರು ವಾರ ವಾರ ಹೋಗಿ ಬೆಲೆ ಕೇಳಿ ಬರ್ತಿದ್ದ ಅಂಗಡಿ ಅದು. "ಎಷ್ಟಪ್ಪ?" ಅಂದೆ. ಎರಡೂಮುಕ್ಕಾಲು ಸಾವಿರ ಅಂದ. ಪರ್ಸ್ ತೆಗೆದು ಕೊಟ್ಟೆ.

ಅವನು ನೋಟು ಮುಟ್ಟಲಿಲ್ಲ. ಎದ್ದು ನಿಂತ. "ಅಮ್ಮಾ... ಸಾರ್‌ಗೆ ಏನಾದ್ರೂ..." ಅಂದ, ದನಿ ತಗ್ಗಿಸಿ.

"ಗುಂಡುಕಲ್ಲಿನ ಹಾಗಿದ್ದಾರೆ. ಯಾಕೆ?"

"ಮತ್ತೆ ನೀವು ಏನೂ ಕೇಳ್ತಾ ಇಲ್ಲವಲ್ಲಮ್ಮ! ಸಾರ್ ಬಂದು ಬಂದು ನಿಮ್ಮ ಮನೆಯವರಿಗೆ ಐನೂರು ಜಾಸ್ತಿ ಹೇಳೋದೇ ಅಭ್ಯಾಸ ಆಗಿಹೋಗಿದೆ. ಹೀಗೆ ಕೊಟ್ಟುಬಿಟ್ಟರೆ ನನಗೆ ಪಾಪ ಸುತ್ಕೊಳ್ಳುತ್ತೆ" ಅಂತ ಐನೂರು ವಾಪಸು ಕೊಟ್ಟ. ರಿಮೋಟಿಗೆ ಎರಡು ಸೆಲ್ಲು ಕೊಸರು.

ಆ ಅಂಗಡೀಲಿ ಬಾಯಿ ಬಿಡದೆ ನಾನು ಇಳಿಸಿದಷ್ಟು ಬೆಲೆಯನ್ನ ನಮ್ಮ ಯಜಮಾನರು ಗಂಟಲು ಹರಿದುಕೊಂಡರೂ ಇಳಿಸಿದ್ದಿಲ್ಲ.

೭. ಬಾಗಿಲು

ಭಾನುವಾರ ಬೆಳಗ್ಗೆ ದೇವರ ಗೂಡಿನಿಂದ ಡಿವಿಡಿ ತೆಗೆದು ಹಾಕಿದೆ. ಇವರು ಕೂರಲಿಲ್ಲ. ಅಡುಗೆಮನೆ ಬಾಗಿಲಿಗೆ ಒರಗಿ, ಬೇಕಾದರೆ ಓಡಿಹೋಗೋಕೆ ಅನುಕೂಲವಾಗೋ ಹಾಗೆ ನಿಂತರು.

ಮೊದಲು ಬರೀ ಊಟದ ಪಂಕ್ತಿ. ವಿಡಿಯೋದವನು ಒಬ್ಬರ ಎಲೆಯನ್ನೂ ಬಿಟ್ಟಿರಲಿಲ್ಲ. ನೆಂಟರು, ನೆಂಟರ ನೆಂಟರು, ಹೋಳಿಗೆ, ಮತ್ತೆ ನೆಂಟರು. ಆಮೇಲೆ ಬಾಗಿಲು ಬಂತು. ಹಸಿರು ಲಂಗ ದಾವಣಿ ಉಟ್ಟು, ಎರಡೂ ಕೈ ಚಾಚಿ ನಮ್ಮ ಪುಟ್ಟಿ ನಿಂತಿದ್ದಳು.

"ಅಣ್ಣಾ, ನಿಲ್ಲು! ಸಾವಿರ ರೂಪಾಯಿ ಕೊಟ್ಟರೇನೇ ಉಳ್ಳೆ ವಿಡುವೇನ್!"

ಕೊಟ್ಟರೇನೇ ಒಳಗೆ ಬಿಡೋದು ಅಂತ. ಅದೇ ಕಲಬೆರಕೆ. ಅದೇ ರಾಗ. ಸ್ವಲ್ಪ ಹೊತ್ತು ನನಗೆ ಏನೂ ಕಾಣಲಿಲ್ಲ, ಬರೀ ಕೇಳಿಸ್ತಿತ್ತು.

"ಸಾವಿರಾನಾ! ಚಿಕ್ಕಪ್ಪಾ, ನೀವೇ ಕಾಪಾಡಬೇಕು" ಅಂದ ಮದುಮಗ. ಜನರ ಮಧ್ಯದಿಂದ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರಲ್ಲ ನಮ್ಮ ಯಜಮಾನರು! ತಲೆ ತುಂಬ ಕಪ್ಪು ಕೂದಲು. "ನೂರಕ್ಕೆ ಮುಗಿಸು ಪುಟ್ಟಿ" ಅಂದರು ಟಿವಿಯಲ್ಲಿ.

"ಅಪ್ಪಾ! ನೀ ಯಾರ್ ಪಕ್ಕಂ?" ಅಂತ ಅವಳು ಕೇಳಿದಳು. ನೀನು ಯಾರ ಕಡೆ ಅಂತ.

ಅಡುಗೆಮನೆ ಬಾಗಿಲಿಂದ ಒಂದು ಕೂಗು. "ಏಯ್, ಸುಮ್ಮನಿರಯ್ಯಾ! ಯಾರು ಕರೆದರು ನಿನ್ನ?" ಇವರು ಟಿವಿಯಲ್ಲಿದ್ದ ತಮ್ಮನ್ನೇ ಬೈತಿದ್ದರು. ಆ ಟಿವಿ ಮನುಷ್ಯ ಕೇಳಬೇಕಲ್ಲ, ನೂರೈವತ್ತು ಅಂದ, ಇನ್ನೂರು ಅಂದ. "ಕೊಡ್ರೋ, ಮಗು ಕೇಳಿದಷ್ಟು ಕೊಡ್ರೋ ಅವಳಿಗೆ!" ಅಂತ ಇವರು ಹಾಲಿಗೆ ಬಂದು, ಟಿವಿ ಮುಂದೆ ನೆಲದ ಮೇಲೇ ಕೂತುಬಿಟ್ಟರು. ಆಗ ಗೊತ್ತಾಯ್ತು ನನಗೆ, ಇಷ್ಟು ದಿನ ಇವರು ಏನಕ್ಕೆ ಹೆದರಿದ್ದರು ಅಂತ. ಆ ಬಾಗಿಲಲ್ಲಿ ಮಗಳ ಹತ್ತಿರಾನೂ ಚೌಕಾಸಿ ಮಾಡಿದ್ದನ್ನ ನಾನು ಮರೆತಿದ್ದೆ, ಅವರು ಮರೆತಿರಲಿಲ್ಲ.

ಅಲ್ಲಿ ವ್ಯಾಪಾರ ಇನ್ನೂರೈವತ್ತಕ್ಕೆ ಮುಗೀತು. ಮದುಮಕ್ಕಳನ್ನ ಒಳಗೆ ಬಿಟ್ಟ ಪುಟ್ಟಿ ಅಪ್ಪನಿಗೆ ಮಾತ್ರ ಕೈ ಅಡ್ಡ ಹಿಡಿದಳು. "ಇನ್ನು ಮೇಲೆ ಚೌಕಾಸಿ ಮಾಡಲ್ಲ ಅಂತ ಸೊಲ್ಲು, ಆಮೇಲೆ ಒಳಗೆ ಬಾ."

"ಒಂದು ದಿನ ಮಾಡಲ್ಲ" ಅಂದರು ಟಿವಿಯಲ್ಲಿ.

"ಒಂದು ವರ್ಷ."

"ಒಂದು ವಾರ."

"ಒಂದು ತಿಂಗಳು. ಅದಕ್ಕೆ ಕೆಳಗೆ ಇಳಿಯಲ್ಲ ಅಪ್ಪಾ" ಅಂತ ಅವಳು ನಕ್ಕಳು. ಎಲ್ಲರೂ ನಕ್ಕರು. ಅಲ್ಲಿಗೆ ಆ ಭಾಗ ಮುಗಿದು ಮತ್ತೆ ನೆಂಟರು ಶುರುವಾದರು.

"ಯಾವತ್ತೂ ಮಾಡಲ್ಲಮ್ಮಾ" ಅಂದರು ನಮ್ಮ ಯಜಮಾನರು, ನೆಲದ ಮೇಲೆ ಕೂತು, ಆ ನೆಂಟರ ಮುಖ ನೋಡ್ತಾ. "ಇನ್ನು ಯಾವತ್ತೂ ಮಾಡಲ್ಲ ಕಣಮ್ಮಾ."

ನಾನು ರಿಮೋಟು ಕೈಗೆ ತಗೊಂಡೆ. ಅವರು ಮೂಗು ಒರೆಸಿಕೊಂಡು, "ಬಾಗಿಲು ಇನ್ನೊಂದು ಐದು ಸಲ ಹಾಕು" ಅಂದರು.

"ಅನ್ನಕ್ಕೆ ಇಟ್ಟಿಲ್ಲ ಇನ್ನೂ. ಒಂದು ಸಲ ಹಾಕ್ತೀನಿ" ಅಂದೆ.

"ಮೂರು."

"ಎರಡು. ಅದಕ್ಕಿಂತ ಆಗಲ್ಲ."

"ಸರಿ, ಎರಡು," ಅಂದರು. ಆಮೇಲೆ ಪುಟ್ಟಿ ಸೊಪ್ಪಿನ ಅಜ್ಜಿ ಮುಂದೆ ಚಾಚುತ್ತಿದ್ದ ಹಾಗೆ ನನ್ನ ಮುಂದೆ ಅಂಗೈ ಚಾಚಿದರು. "ಮೇಲೊಂದು ಕೊಸರು?"